ಪಾಡ್‌ಕಾಸ್ಟ್ ಪಠ್ಯ: ಬ್ರೌಸರ್ ಕೇಳುವ ‘ಅಲೋ’, ನಾವು ಕೊಡುವ ಕೀಲಿ

ಇವತ್ತಿನ ಸಂಚಿಕೆ ಪೂರ್ತಿ ಒಂದೇ ಒಂದು ವಾಕ್ಯದ ಬಗ್ಗೆ. ಕಂಪ್ಯೂಟರಿನಲ್ಲಿ ಕ್ರೋಮ್ ಬ್ರೌಸರ್‌ಗೆ ಏನಾದರೂ ಹೊಸದಾಗಿ ಸೇರಿಸಿಕೊಳ್ಳಲು ಹೋದಾಗ ಒಂದು ಸಣ್ಣ ಚೌಕಟ್ಟು ಬರುತ್ತದಲ್ಲ, ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕನ್ನಡದಲ್ಲಿ ಹೇಳೋದಾದ್ರೆ: ‘ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಇದು ಓದಬಲ್ಲದು ಮತ್ತು ಬದಲಾಯಿಸಬಲ್ಲದು.’ ಕೆಳಗೆ ಎರಡು ಬಟನ್. ನಮ್ಮಲ್ಲಿ ಬಹಳ ಜನ ಆ ವಾಕ್ಯ ಓದಿರುವುದೇ ಇಲ್ಲ. ಓದಿದವರೂ ‘ಎಲ್ಲದಕ್ಕೂ ಹಿಂಗೇ ಬರ್ತದ ಬಿಡ್ರಿ’ ಅಂತ ಒತ್ತಿ ಮುಂದೆ ಹೋಗಿರುತ್ತಾರೆ.

ಈ ವಾಕ್ಯ ಎಲ್ಲಿ ನಿಜವಾಗಿ ಭಾರವಾಗುತ್ತದೆ ಅಂತ ನೋಡೋಣ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಇಂಥದ್ದನ್ನು ನೋಡಿಕೊಳ್ಳಲು ಬೇರೆ ವಿಭಾಗವೇ ಇರುತ್ತದೆ. ಯಾದಗಿರಿ ಜಿಲ್ಲೆಯಲ್ಲಿ, ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರನ್ನು ತೆಗೆದುಕೊಳ್ಳಿ. ಇಂಥ ಊರಿನ ಸೇವಾ ಕೇಂದ್ರ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಬೆರಳಚ್ಚು ಯಂತ್ರ, ಹೊರಗೆ ಕಟ್ಟೆಯ ಮೇಲೆ ಕೂತ ಜನ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಸಂಧ್ಯಾ ಸುರಕ್ಷಾ ಪಿಂಚಣಿ, ದುಡಿಯಲು ಬೆಂಗಳೂರಿಗೋ ಮುಂಬೈಗೋ ಹೋಗುವವರ ರೈಲು ಟಿಕೆಟ್, ಎಲ್ಲ ಅದೇ ಒಂದು ಬ್ರೌಸರಿನಲ್ಲಿ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದ ಊರೂರಲ್ಲಿ ಹೆಣ್ಣುಮಕ್ಕಳು ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ ಹಿಡಿದು ಸಾಲುಗಟ್ಟಿ ನಿಂತಿದ್ದು ಇಂಥ ಕೇಂದ್ರಗಳ ಮುಂದೆಯೇ. ಒಂದು ಮನೆಯ ಕಂಪ್ಯೂಟರ್ ಕೆಟ್ಟರೆ ಒಂದು ಮನೆಗೆ ತೊಂದರೆ. ಇಲ್ಲಿ ಅರ್ಧ ಊರಿನ ಆಧಾರ್ ಸಂಖ್ಯೆ ಒಂದೇ ಪರದೆಯ ಮೇಲೆ ಹಾದುಹೋಗುತ್ತದೆ.

ಈಗ ಆ ಬ್ರೌಸರಿನ ಮೇಲ್ಗಡೆ, ಬಲಬದಿಗೆ ನೋಡಿ. ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ಕೂತಿರುತ್ತವೆ. ಒಂದು ಕನ್ನಡ ಟೈಪ್ ಮಾಡಲಿಕ್ಕೆ. ಒಂದು ಪಿಡಿಎಫ್ ಬದಲಾಯಿಸಲಿಕ್ಕೆ. ಒಂದು ಪರದೆಯ ಫೋಟೋ ತೆಗೆಯಲಿಕ್ಕೆ. ಒಂದು ತತ್ಕಾಲ್ ಟಿಕೆಟ್ ಫಾರ್ಮ್ ತಾನೇ ತುಂಬಲಿಕ್ಕೆ. ಇನ್ನೊಂದು ಯಾಕಿದೆ, ಯಾರು ಹಾಕಿದ್ದು ಅಂತ ಯಾರಿಗೂ ನೆನಪಿಲ್ಲ. ಇವೇ ಎಕ್ಸ್‌ಟೆನ್ಶನ್‌ಗಳು. ಬ್ರೌಸರಿನ ಒಳಗೇ ಓಡುವ ಪುಟ್ಟ ಪ್ರೋಗ್ರಾಂಗಳು.

ಪುಟ್ಟವು ಅಂದೆ. ಗಾತ್ರ ಪುಟ್ಟದು, ಅಧಿಕಾರ ಪುಟ್ಟದಲ್ಲ.

ಓದುವುದು ಒಂದು, ಬದಲಾಯಿಸುವುದು ಇನ್ನೊಂದು

ಮೊದಲು ‘ಓದುವುದು’ ಅಂದ್ರೆ ಏನು ಅಂತ ನೋಡೋಣ. ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸುರಕ್ಷಿತ ಅಂತ ನಾವೆಲ್ಲ ಕಲಿತಿದ್ದೇವೆ. ಅದು ಸರಿ, ಆದರೆ ಆ ಬೀಗ ಕಾಯುವುದು ದಾರಿಯನ್ನು ಮಾತ್ರ. ನಿಮ್ಮ ಕಂಪ್ಯೂಟರಿನಿಂದ ಬ್ಯಾಂಕಿನ ಸರ್ವರ್‌ವರೆಗೆ ಮಾಹಿತಿ ಹೋಗುವಾಗ ನಡುವೆ ಯಾರೂ ಓದದಂತೆ ಅದು ನೋಡಿಕೊಳ್ಳುತ್ತದೆ. ಎಕ್ಸ್‌ಟೆನ್ಶನ್ ಕೂತಿರುವುದು ದಾರಿಯಲ್ಲಲ್ಲ, ಮನೆಯೊಳಗೆ. ಪುಟ ಬಿಚ್ಚಿ ಪರದೆಯ ಮೇಲೆ ಬಂದ ಮೇಲೆ ನಿಮಗೆ ಏನು ಕಾಣುತ್ತದೋ ಅದಕ್ಕೂ ಅದೇ ಕಾಣುತ್ತದೆ. ನೀವು ಒತ್ತುವ ಆಧಾರ್ ಸಂಖ್ಯೆ, ಪಾಸ್‌ವರ್ಡ್, ಮೊಬೈಲಿಗೆ ಬಂದು ಪುಟದಲ್ಲಿ ತುಂಬುವ ಒಟಿಪಿ, ಎಲ್ಲ. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕೆ ಚುಕ್ಕೆ ಕಾಣುವುದು ನಮ್ಮ ಕಣ್ಣಿಗೆ, ಪ್ರೋಗ್ರಾಂಗೆ ಅಕ್ಷರವೇ ಸಿಗುತ್ತದೆ.

ಬೆರಳಚ್ಚಿನ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನ ಪಡಬಹುದು. ಆಧಾರ್‌ಗೆ ಬಳಸುವ ಯಂತ್ರ ಬೆರಳಿನ ಗುರುತನ್ನು ಬ್ರೌಸರಿಗೆ ಕೊಡುವ ಮೊದಲೇ ಗೂಢಲಿಪಿಗೆ ತಿರುಗಿಸಿರುತ್ತದೆ. ಪುಟದೊಳಗೆ ಇಣುಕಿದವರಿಗೆ ಕಾಣುವುದು ಅರ್ಥವಾಗದ ಅಕ್ಷರಗಳ ಉದ್ದನೆಯ ಸಾಲು. ಆದರೆ ಆ ಬೆರಳಚ್ಚಿನ ಅಕ್ಕಪಕ್ಕ ಇರುವ ಹೆಸರು, ಸಂಖ್ಯೆ, ಖಾತೆಯ ವಿವರಕ್ಕೆ ಈ ಕಾವಲಿಲ್ಲ.

ಇನ್ನು ‘ಬದಲಾಯಿಸುವುದು’. ನನ್ನ ಪ್ರಕಾರ ಜನ ಹೆದರಬೇಕಾದ್ದು ಈ ಶಬ್ದಕ್ಕೆ, ಹೆದರದೆ ಇರುವುದೂ ಇದಕ್ಕೇ. ಶಹಾಪುರದ ಗೊಬ್ಬರದ ಅಂಗಡಿಗೆ ರೈತರೊಬ್ಬರು ನೆಟ್ ಬ್ಯಾಂಕಿಂಗ್‌ನಲ್ಲಿ ಹಣ ಕಳಿಸುತ್ತಿದ್ದಾರೆ ಅಂದುಕೊಳ್ಳಿ. ಖಾತೆ ಸಂಖ್ಯೆ ಸರಿಯಾಗಿ ಹೊಡೆದಿದ್ದಾರೆ. ಪರದೆಯ ಮೇಲೂ ಸರಿಯಾಗೇ ಕಾಣುತ್ತಿದೆ. ಬಟನ್ ಒತ್ತಿದ ಕ್ಷಣದಲ್ಲಿ ಬೇರೆ ಸಂಖ್ಯೆ ಹೋಗುವಂತೆ ಮಾಡಲು ಈ ಅನುಮತಿ ಇರುವ ಪ್ರೋಗ್ರಾಂಗೆ ಸಾಧ್ಯ. ಹೋದ ಮೇಲೆ ಬರುವ ರಸೀದಿ ಪುಟದಲ್ಲೂ ಸರಿಯಾದ ಸಂಖ್ಯೆಯನ್ನೇ ತೋರಿಸಲು ಸಾಧ್ಯ. ಹಾಗಾಗಿಯೇ ಮೊಬೈಲಿಗೆ ಬರುವ ಬ್ಯಾಂಕಿನ ಎಸ್ಸೆಮ್ಮೆಸ್ ಓದಿ ಅಂತ ಹೇಳುವುದು. ಒಟಿಪಿ ಸಂದೇಶದಲ್ಲಿ ಎಷ್ಟು ರೂಪಾಯಿ, ಯಾರಿಗೆ ಅಂತ ಬರೆದಿದ್ದರೆ ಅದನ್ನೂ ಓದಿ. ಬ್ರೌಸರಿನಲ್ಲಿ ಕೂತ ಪ್ರೋಗ್ರಾಂನ ಕೈ ಆ ಸಂದೇಶದವರೆಗೆ ಚಾಚುವುದಿಲ್ಲ.

ಹಾಗಂತ ಎಲ್ಲ ಎಕ್ಸ್‌ಟೆನ್ಶನ್ ಇದನ್ನೇ ಮಾಡುತ್ತವೆ ಅಂತಲ್ಲ. ಬಹುಪಾಲು ಪ್ರಾಮಾಣಿಕ ಕೆಲಸಕ್ಕೇ ಈ ಅನುಮತಿ ಕೇಳುತ್ತವೆ. ಅಲ್ಲಿಯೇ ಕನ್ನಡಿಗರಿಗೆ ಒಂದು ಪ್ರತ್ಯೇಕ ಸಮಸ್ಯೆ ಇದೆ.

ಕನ್ನಡದಲ್ಲಿ ಬರೆಯುವುದಕ್ಕೆ ತೆರುವ ಬೆಲೆ

ಕನ್ನಡ ಟೈಪಿಂಗ್ ಎಕ್ಸ್‌ಟೆನ್ಶನ್ ಕೆಲಸ ಮಾಡುವ ರೀತಿ ಹೀಗೆ. ನೀವು ಇಂಗ್ಲಿಷ್ ಕೀಲಿಗಳಲ್ಲಿ ‘ನಮಸ್ಕಾರ’ ಅಂತ ಒತ್ತುತ್ತೀರಿ. ಅದು ಪ್ರತಿ ಕೀಲಿಯನ್ನೂ ನೋಡಬೇಕು. ಆಮೇಲೆ ಪುಟದ ಆ ಚೌಕದಲ್ಲಿರುವ ಇಂಗ್ಲಿಷ್ ಅಕ್ಷರ ಅಳಿಸಿ ಕನ್ನಡ ಅಕ್ಷರ ಕೂಡಿಸಬೇಕು. ನೋಡುವುದು ಅಂದ್ರೆ ಓದುವುದು. ಅಳಿಸಿ ಕೂಡಿಸುವುದು ಅಂದ್ರೆ ಬದಲಾಯಿಸುವುದು. ನೀವು ಯಾವ ವೆಬ್‌ಸೈಟಿನಲ್ಲಿ ಬರೆಯುತ್ತೀರೋ ಮೊದಲೇ ಗೊತ್ತಿಲ್ಲದ ಕಾರಣ ಎಲ್ಲ ವೆಬ್‌ಸೈಟು. ಅಂದ್ರೆ ಚೌಕಟ್ಟಿನಲ್ಲಿ ಬರೆದ ಆ ಭಯಂಕರ ವಾಕ್ಯ ಇಲ್ಲಿ ಅಕ್ಷರಶಃ ನಿಜ, ಅದನ್ನು ಕೇಳುವುದರಲ್ಲಿ ಮೋಸವೂ ಇಲ್ಲ. ಕೆಲವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರಿಯಾದ ಪದ ಸೂಚಿಸಲಿಕ್ಕೆ ನೀವು ಒತ್ತಿದ ಅಕ್ಷರಗಳನ್ನು ತಮ್ಮ ಸರ್ವರಿಗೂ ಕಳಿಸುತ್ತವೆ.

ಇಂಗ್ಲಿಷಿನಲ್ಲಿ ಅರ್ಜಿ ತುಂಬುವವನಿಗೆ ಈ ಅನುಮತಿಯ ಅಗತ್ಯವೇ ಇಲ್ಲ. ‘ಗ್ರಾಮ’, ‘ಹೋಬಳಿ’, ‘ತಂದೆಯ ಹೆಸರು’ ಇವನ್ನು ಕನ್ನಡದಲ್ಲಿ ತುಂಬುವವನು ಮಾತ್ರ ಅತ್ಯಂತ ದೊಡ್ಡ ಕೀಲಿಯನ್ನು ಕೊಟ್ಟು ಮುಂದೆ ಹೋಗಬೇಕು. ಇದು ನ್ಯಾಯವಲ್ಲ, ಆದರೆ ಹೀಗಿದೆ. ಸೇವಾ ಕೇಂದ್ರದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಊಹಿಸಿ. ಪಿಂಚಣಿ ಅರ್ಜಿಗೆ ಬಂದ ಅಜ್ಜಿ ಪರದೆ ನೋಡಿ, ‘ಏನ್ ಕೇಳಾಕತ್ತದೋ ಯಪ್ಪಾ ಅದು?’ ಅಂತಾಳೆ. ‘ಏನಿಲ್ಲ ಬೇ ಯವ್ವಾ, ಪರ್ಮಿಷನ್ ಕೇಳ್ತದ. ಕೊಟ್ರ ಆತು.’ ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಕೊಡದಿದ್ದರೆ ಕೆಲಸ ಆಗುವುದಿಲ್ಲ, ಸಾಲು ಮುಂದೆ ಸರಿಯುವುದಿಲ್ಲ.

ಇದಕ್ಕೊಂದು ದಾರಿ ಇದೆ, ಅದಕ್ಕೆ ಕಾಸೂ ಬೇಡ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ. 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಿಂದ ಈಚೆಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಫೊನೆಟಿಕ್ ಕೀಲಿಮಣೆಯೂ ಸೇರಿದೆ. ಸೆಟ್ಟಿಂಗ್ಸ್‌ಗೆ ಹೋಗಿ, ಟೈಮ್ ಅಂಡ್ ಲ್ಯಾಂಗ್ವೇಜ್ ತೆರೆದು, ಭಾಷೆಗಳಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಲಿಮಣೆ ಹಾಕಿಕೊಂಡರೆ ಆಯಿತು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ. ಬ್ರೌಸರಿಗೆ ಮೂರನೆಯವರನ್ನು ಸೇರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಮೊದಲ ಎರಡು ದಿನ ಕೈ ತಡವರಿಸುತ್ತದೆ, ಅಷ್ಟೆ.

‘ನಾವು ನುಡಿ ಹಾಕ್ಕೊಂಡೀವಿ, ಬರಹ ಹಾಕ್ಕೊಂಡೀವಿ’ ಅನ್ನುವವರಿಗೆ ಒಂದು ಮಾತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಲ್ಲಿ ವರ್ಷಗಳಿಂದ ಬಳಕೆಯಲ್ಲಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಂಪ್ಯೂಟರಿನಲ್ಲೇ ಕೂರುವ ಟೈಪಿಂಗ್ ತಂತ್ರಾಂಶಕ್ಕೆ ಬ್ರೌಸರಿನ ಒಳಗಿನದಷ್ಟೇ ಅಲ್ಲ, ನೀವು ಎಲ್ಲೇ ಒತ್ತಿದ ಕೀಲಿಯೂ ಕಾಣುತ್ತದೆ, ಮತ್ತು ಅದಕ್ಕೆ ಯಾವ ಚೌಕಟ್ಟೂ ಬಂದು ಕೇಳುವುದಿಲ್ಲ. ಹಾಗಾಗಿ ಅದನ್ನು ಎಲ್ಲಿಂದ ತಂದಿರಿ ಅನ್ನುವುದೇ ಮುಖ್ಯ. ರೂಪಿಸಿದವರ ಜಾಲತಾಣದಿಂದ ಇಳಿಸಿಕೊಂಡಿದ್ದು ಒಂದು. ಯಾರದೋ ಪೆನ್‌ಡ್ರೈವಿನಲ್ಲಿ ಬಂದ ‘ಫುಲ್ ವರ್ಷನ್’ ಇನ್ನೊಂದು.

ಮೊದಲು ಇದ್ದವನು ಒಳ್ಳೆಯವನೇ

ಅನುಮತಿ ಕೊಡುವಾಗ ನಾವು ಕೇಳಿಕೊಳ್ಳುವ ಪ್ರಶ್ನೆ ‘ಇದು ಒಳ್ಳೆಯದಾ?’ ಅಂತ. ಸ್ಟಾರ್ ಎಷ್ಟಿದೆ, ಎಷ್ಟು ಲಕ್ಷ ಜನ ಬಳಸುತ್ತಾರೆ ಅಂತ ನೋಡುತ್ತೇವೆ. ಇದು ಸಾಲುವುದಿಲ್ಲ. ಯಾಕೆ ಅನ್ನೋದಕ್ಕೆ ಎರಡು ಪ್ರಕರಣ ಹೇಳುತ್ತೇನೆ.

‘ದಿ ಗ್ರೇಟ್ ಸಸ್ಪೆಂಡರ್’ ಅಂತ ಒಂದು ಎಕ್ಸ್‌ಟೆನ್ಶನ್ ಇತ್ತು. ಬಳಸದೆ ಬಿಟ್ಟ ಟ್ಯಾಬುಗಳನ್ನು ಮಲಗಿಸಿ ಕಂಪ್ಯೂಟರಿನ ಮೆಮೊರಿ ಉಳಿಸುತ್ತಿತ್ತು. ಹಳೆಯ, ನಿಧಾನದ ಕಂಪ್ಯೂಟರ್ ಇದ್ದವರಿಗೆ ವರ ಇದ್ದ ಹಾಗೆ. 20 ಲಕ್ಷಕ್ಕೂ ಹೆಚ್ಚು ಬಳಕೆದಾರರು. ಮಾಡಿದವರು ನಂಬಿಕಸ್ಥರು, ಅದರ ಕೋಡ್ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದ್ದರು. 2020ರ ಜೂನ್‌ನಲ್ಲಿ ಅವರು ಅದನ್ನು ಬೇರೆಯವರಿಗೆ ಮಾರಿದರು. ಕೊಂಡವರು ಯಾರು ಅಂತ ಬಳಕೆದಾರರಿಗೆ ಗೊತ್ತಾಗಲಿಲ್ಲ. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಅಪಾಯಕಾರಿ ಅಂತ ಗುರುತಿಸಿ ಅಂಗಡಿಯಿಂದ ತೆಗೆದು, ಎಲ್ಲರ ಬ್ರೌಸರಿನಲ್ಲೂ ಬಂದ್ ಮಾಡಿತು. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಕೀಲಿ ಕೊಟ್ಟಿರುತ್ತೀರಿ. ಅವರು ಮನೆ ಮಾರಿ ಹೋಗುವಾಗ ಗೋಡೆಯ ಮೊಳೆಗೆ ತೂಗುಹಾಕಿದ್ದ ನಿಮ್ಮ ಕೀಲಿಯೂ ಮನೆಯ ಜೊತೆ ಹೋಯಿತು. ಹೊಸಬರು ಯಾರು ಅಂತ ನಿಮ್ಮನ್ನು ಕೇಳಿದವರಿಲ್ಲ.

ಎರಡನೆಯದು ಇನ್ನೂ ಈಚಿನದು, ಇದರಲ್ಲಿ ಮಾರಾಟವೂ ಇಲ್ಲ. ಅಮೆರಿಕದ ಸೈಬರ್‌ಹೇವನ್ ಅನ್ನುವ ಕಂಪನಿಯ ವ್ಯವಹಾರವೇ ಮಾಹಿತಿ ಸುರಕ್ಷತೆ. 2024ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ, ಅದರ ಉದ್ಯೋಗಿಯೊಬ್ಬರಿಗೆ ಒಂದು ಮೇಲ್ ಬಂತು. ನಿಮ್ಮ ಎಕ್ಸ್‌ಟೆನ್ಶನ್ ಕ್ರೋಮ್ ಅಂಗಡಿಯ ನಿಯಮ ಮುರಿದಿದೆ, ತೆಗೆದುಹಾಕುತ್ತೇವೆ ಅಂತ ಎಚ್ಚರಿಕೆ. ಕೊಂಡಿ ಒತ್ತಿದರೆ ಗೂಗಲ್‌ನ ಅಸಲಿ ಅನುಮತಿ ಪುಟವೇ ಬಂತು. ಉದ್ಯೋಗಿ ‘ಅಲೋ’ ಅಂದರು. ಆ ಒಂದು ಅನುಮತಿಯಿಂದ ಆ ಎಕ್ಸ್‌ಟೆನ್ಶನ್‌ನ ಹೊಸ ಆವೃತ್ತಿ ಹೊರಡಿಸುವ ಹಕ್ಕು ಕಳ್ಳರ ಕೈಗೆ ಹೋಯಿತು. ಸುಮಾರು 4 ಲಕ್ಷ ಬಳಕೆದಾರರಿದ್ದ ಎಕ್ಸ್‌ಟೆನ್ಶನ್‌ನ ಕೆಟ್ಟ ಆವೃತ್ತಿ ಕ್ರಿಸ್‌ಮಸ್ ದಿನ ತಾನಾಗಿ ಇಳಿಯಲು ಶುರುವಾಯಿತು. ಕಂಪನಿ ಗಮನಿಸಿ ಸುಮಾರು ಒಂದು ದಿನದೊಳಗೆ ತೆಗೆಸಿತು. ಅದೇ ಉಪಾಯಕ್ಕೆ ಬಲಿಯಾದ ಇನ್ನೂ ಎಷ್ಟೋ ಎಕ್ಸ್‌ಟೆನ್ಶನ್‌ಗಳು ಆಮೇಲೆ ಪತ್ತೆಯಾದವು. ಸುರಕ್ಷತೆಯೇ ಕಸುಬಾಗಿರುವವರಿಗೆ ಆ ಚೌಕಟ್ಟು ಮೋಸ ಮಾಡಿತು ಅಂದ ಮೇಲೆ ದೋರನಹಳ್ಳಿಯ ಹುಡುಗನನ್ನು ಬೈದು ಏನು ಪ್ರಯೋಜನ?

ಎರಡೂ ಕಡೆ ಬಳಕೆದಾರರು ಹೊಸದಾಗಿ ಯಾವ ಬಟನ್ನೂ ಒತ್ತಲಿಲ್ಲ, ಗಮನಿಸಿ. ಎಕ್ಸ್‌ಟೆನ್ಶನ್‌ಗಳು ತಮ್ಮಷ್ಟಕ್ಕೆ ಅಪ್‌ಡೇಟ್ ಆಗುತ್ತವೆ. ಹೊಸ ಆವೃತ್ತಿ ಮೊದಲಿಗಿಂತ ಹೆಚ್ಚಿನ ಅನುಮತಿ ಕೇಳಿದರೆ ಕ್ರೋಮ್ ಅದನ್ನು ನಿಲ್ಲಿಸಿ ನಿಮ್ಮನ್ನು ಮತ್ತೆ ಕೇಳುತ್ತದೆ. ಮೊದಲ ದಿನವೇ ‘ಎಲ್ಲ ವೆಬ್‌ಸೈಟು, ಎಲ್ಲ ಮಾಹಿತಿ’ ಕೊಟ್ಟಿದ್ದರೆ? ಅದಕ್ಕಿಂತ ಹೆಚ್ಚು ಕೇಳಲು ಉಳಿದಿರುವುದೇ ಕಡಿಮೆ. ಅಂದ್ರೆ ನೀವು ಆ ದಿನ ಒಪ್ಪಿದ್ದು ಆ ದಿನದ ಪ್ರೋಗ್ರಾಂಗೆ ಮಾತ್ರ ಅಲ್ಲ, ಅದು ಮುಂದೆ ಏನೇ ಆದರೂ ಅದಕ್ಕೂ.

ನಮ್ಮ ದೇಶದಲ್ಲೂ ಈ ಬಗ್ಗೆ ಎಚ್ಚರಿಕೆ ಬಂದಿತ್ತು. 2020ರಲ್ಲಿ ಗೂಗಲ್ ನೂರಕ್ಕೂ ಹೆಚ್ಚು ಎಕ್ಸ್‌ಟೆನ್ಶನ್‌ಗಳನ್ನು ತೆಗೆದುಹಾಕಿದಾಗ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಬಳಕೆದಾರರಿಗೆ ಸೂಚನೆ ಹೊರಡಿಸಿತು. ಅವುಗಳಲ್ಲಿ ಹಲವು ಫೈಲ್ ಬದಲಾಯಿಸಿಕೊಡುವ, ಬ್ರೌಸಿಂಗ್ ಸುರಕ್ಷಿತ ಮಾಡುವ ಸೋಗಿನಲ್ಲಿದ್ದವು. ಮಾಡುತ್ತಿದ್ದುದು ಪರದೆಯ ಚಿತ್ರ ತೆಗೆಯುವುದು, ಒತ್ತಿದ ಕೀಲಿ ದಾಖಲಿಸುವುದು, ಲಾಗಿನ್ ಗುರುತುಗಳನ್ನು ಕದಿಯುವುದು.

ಈ ತಪ್ಪು ಮೊದಲೂ ನಡೆದಿತ್ತು

ಬ್ರೌಸರಿನೊಳಗಿನ ಪುಟ್ಟ ಪ್ರೋಗ್ರಾಂಗಳ ಕಥೆ 1995ರ ಜಾವಾ ಆ್ಯಪ್ಲೆಟ್‌ಗಳಿಂದ ಶುರು. ಸನ್ ಮೈಕ್ರೋಸಿಸ್ಟಮ್ಸ್ ಆಗ ಹಾಕಿದ ನಿಯಮ ಬಿಗಿಯಾಗಿತ್ತು. ಆ್ಯಪ್ಲೆಟ್ ನಿಮ್ಮ ಕಂಪ್ಯೂಟರಿನ ಫೈಲ್ ಮುಟ್ಟುವಂತಿಲ್ಲ, ತಾನು ಎಲ್ಲಿಂದ ಬಂತೋ ಆ ಸರ್ವರ್ ಬಿಟ್ಟು ಬೇರೆ ಕಡೆ ಮಾತಾಡುವಂತಿಲ್ಲ. ಮಕ್ಕಳನ್ನು ಮರಳಿನ ಗುಂಡಿಯಲ್ಲಿ ಆಡಲು ಬಿಟ್ಟ ಹಾಗೆ ಅಂತ ಅದಕ್ಕೆ ‘ಸ್ಯಾಂಡ್‌ಬಾಕ್ಸ್’ ಅಂದರು. ಆದರೆ ಅಷ್ಟು ಬಿಗಿಯಾದರೆ ಉಪಯೋಗದ ಕೆಲಸ ಆಗುವುದಿಲ್ಲ. ಹಾಗಾಗಿ ‘ಸಹಿ ಇರುವ ಆ್ಯಪ್ಲೆಟ್’ ಬಂತು. ಸಹಿ ಇದ್ದು ನೀವು ‘ರನ್’ ಒತ್ತಿದರೆ ಬೇಲಿ ತೆರೆಯಿತು.

ನಮ್ಮಲ್ಲಿ ಇದನ್ನು ಚೆನ್ನಾಗಿ ಬಲ್ಲವರು ಲೆಕ್ಕಪರಿಶೋಧಕರು, ಗುತ್ತಿಗೆದಾರರು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿ ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಟೋಕನ್ ಮುಟ್ಟಲಿಕ್ಕೆ ಜಾವಾ ಆ್ಯಪ್ಲೆಟ್ ಬೇಕಿತ್ತು. ಯಾವ ಜಾವಾ ಆವೃತ್ತಿ, ಯಾವ ಬ್ರೌಸರ್ ಅಂತ ಒದ್ದಾಡಿ, ಕೊನೆಗೆ ಬಂದ ಎಲ್ಲ ಎಚ್ಚರಿಕೆಗೂ ‘ಹೌದು, ಹೌದು’ ಅಂದು ಕೆಲಸ ಮುಗಿಸುತ್ತಿದ್ದರು. ಸಹಿ ‘ಇದನ್ನು ಮಾಡಿದ್ದು ಯಾರು’ ಅಂತ ಹೇಳುತ್ತಿತ್ತು. ‘ಇದು ಏನು ಮಾಡುತ್ತದೆ’ ಅಂತ ಹೇಳುತ್ತಿರಲಿಲ್ಲ. ಜಾವಾದಲ್ಲಿ ತೂತುಗಳು ಒಂದಾದ ಮೇಲೊಂದು ಸಿಕ್ಕಿ, 2015ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಈ ಬಗೆಯ ಪ್ಲಗಿನ್‌ಗಳನ್ನು ಪೂರ್ತಿ ಕೈಬಿಟ್ಟಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಕೂಡ.

ಆಗ ಆ ಕೆಲಸ ಎಲ್ಲಿಗೆ ಹೋಯಿತು? ಬ್ರೌಸರಿನ ಹೊರಗೆ, ನೇರ ಕಂಪ್ಯೂಟರಿಗೆ. ಇವತ್ತು ಬೆರಳಚ್ಚು ಯಂತ್ರ ಜೋಡಿಸುವಾಗ ‘ಆರ್‌ಡಿ ಸರ್ವಿಸ್’ ಅಂತ ಒಂದನ್ನು ಹಾಕಿಕೊಳ್ಳುತ್ತೀರಲ್ಲ, ಅದು ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ವೆಬ್ ಪುಟ ನಿಮ್ಮದೇ ಕಂಪ್ಯೂಟರಿನ ಒಂದು ಒಳಬಾಗಿಲು ತಟ್ಟಿ ಅದರ ಜೊತೆ ಮಾತಾಡುತ್ತದೆ. ಡಿಜಿಟಲ್ ಸಹಿಯೂ ಈಗ ಹೆಚ್ಚಾಗಿ ಹೀಗೇ. ಬಹಳ ವರ್ಷ ಈ ಬಾಗಿಲು ತಟ್ಟಲು ಯಾರ ಅನುಮತಿಯೂ ಬೇಕಿರಲಿಲ್ಲ. 2025ರ ಕೊನೆಯ ಹೊತ್ತಿಗೆ ಬಂದ ಕ್ರೋಮ್ ಆವೃತ್ತಿಗಳು ಇದಕ್ಕೂ ಒಂದು ಚೌಕಟ್ಟು ತೋರಿಸತೊಡಗಿವೆ: ಈ ವೆಬ್‌ಸೈಟು ನಿಮ್ಮ ಸ್ಥಳೀಯ ಜಾಲದ ಸಾಧನಗಳನ್ನು ಸಂಪರ್ಕಿಸಬಹುದೇ ಅಂತ. ಬೆರಳಚ್ಚು ಯಂತ್ರ ನಿನ್ನೆ ಕೆಲಸ ಮಾಡಿ ಇವತ್ತು ಇದ್ದಕ್ಕಿದ್ದಂತೆ ನಿಂತರೆ, ಯಂತ್ರ ಕೆಟ್ಟಿತು ಅಂತ ಶಹಾಪುರಕ್ಕೆ ಒಯ್ಯುವ ಮೊದಲು, ಈ ಪ್ರಶ್ನೆಗೆ ಅವಸರದಲ್ಲಿ ‘ಬ್ಲಾಕ್’ ಒತ್ತಿದ್ದೀರಾ ಅಂತ ನೋಡಿ. ಸರ್ಕಾರದ ಅಥವಾ ಬ್ಯಾಂಕಿನ ನಿಮಗೆ ಗೊತ್ತಿರುವ ವಿಳಾಸ ಮೇಲೆ ಕಾಣುತ್ತಿದ್ದರೆ ಇಲ್ಲಿ ‘ಅಲೋ’ ಕೊಡಲೇಬೇಕು. ಸಿನಿಮಾ ಇಳಿಸುವ ಸೈಟು ಇದೇ ಪ್ರಶ್ನೆ ಕೇಳಿದರೆ ಕೊಡಬೇಕಾದ ಕಾರಣವೇ ಇಲ್ಲ.

ಮೊಬೈಲಿನಲ್ಲಿ ಬೇರೆ ಕಥೆ

ಇಷ್ಟೂ ಹೊತ್ತು ಕಂಪ್ಯೂಟರಿನ ಮಾತಾಡಿದೆ. ದೋರನಹಳ್ಳಿಯಲ್ಲಿರಲಿ, ಸುರಪುರದಲ್ಲಿರಲಿ, ಹೆಚ್ಚಿನವರ ಇಂಟರ್‌ನೆಟ್ ಇರುವುದು ಅಂಗೈಯ ಫೋನಿನಲ್ಲಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ, ಆದರೆ ಅದನ್ನು ಬಳಸುವವರು ಕಡಿಮೆ. ಫೋನಿನಲ್ಲಿ ಅನುಮತಿ ಕೇಳುವುದು ವೆಬ್‌ಸೈಟುಗಳು: ನೀವಿರುವ ಜಾಗ, ಕ್ಯಾಮೆರಾ, ಮೈಕ್, ನೋಟಿಫಿಕೇಷನ್. ಈ ಅನುಮತಿ ಆ ಒಂದು ವೆಬ್‌ಸೈಟಿಗೆ ಮಾತ್ರ ಸಿಗುತ್ತದೆ, ಪಕ್ಕದ ಟ್ಯಾಬಿನ ಬ್ಯಾಂಕ್ ಪುಟ ಅದಕ್ಕೆ ಕಾಣುವುದಿಲ್ಲ. ಒಂದು ಖೋಲಿಯ ಕೀಲಿಗೂ ಇಡೀ ವಾಡೆಯ ಕೀಲಿಗೂ ಇರುವಷ್ಟು ವ್ಯತ್ಯಾಸ. ಆದರೆ ಕೇಳುವ ಚೌಕಟ್ಟುಗಳು ನೋಡಲು ಅಣ್ಣತಮ್ಮಂದಿರ ಹಾಗೆ. ಇದು ವಿನ್ಯಾಸ ಮಾಡಿದವರ ತಪ್ಪು ಅಂತ ನನ್ನ ಅಭಿಪ್ರಾಯ.

ಫೋನಿನಲ್ಲಿ ಅತಿ ಹೆಚ್ಚು ಕಾಡುವುದು ನೋಟಿಫಿಕೇಷನ್. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಯಾವುದೋ ಸೈಟಿಗೆ ಹೋಗಿ ‘ಅಲೋ’ ಒತ್ತಿರುತ್ತೀರಿ. ಮಾರನೆಯ ದಿನದಿಂದ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’, ‘ಲಾಟರಿ ಬಂದಿದೆ’ ಶುರು. ಫೋನಿಗೆ ಏನೂ ಆಗಿಲ್ಲ. ಆ ಸೈಟಿಗೆ ನಿಮ್ಮ ಪರದೆಯ ಮೇಲೆ ಚೀಟಿ ಅಂಟಿಸುವ ಹಕ್ಕು ಕೊಟ್ಟಿದ್ದೀರಿ, ಅಷ್ಟೇ. ಚೀಟಿಯನ್ನು ಒತ್ತಿದರೆ ಮಾತ್ರ ಅಪಾಯ. ಒತ್ತದೆ, ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಷನ್ಸ್‌ಗೆ ಹೋಗಿ ಗೊತ್ತಿಲ್ಲದ ಹೆಸರುಗಳನ್ನೆಲ್ಲ ತೆಗೆದುಬಿಡಿ.

ಮತ್ತೆ ಸೇವಾ ಕೇಂದ್ರದ ಕಂಪ್ಯೂಟರಿಗೆ ಬರೋಣ. ಅಲ್ಲಿ ಕೆಲಸ ಮಾಡುವವರು ಕೇಳುತ್ತಿದ್ದರೆ ಇದು ನಿಮಗೆ.

ಕ್ರೋಮ್‌ನಲ್ಲಿ ಹೊಸದೊಂದು ಪ್ರೊಫೈಲ್ ಮಾಡಿ. ಎಕ್ಸ್‌ಟೆನ್ಶನ್‌ಗಳು ಪ್ರೊಫೈಲಿನಿಂದ ಪ್ರೊಫೈಲಿಗೆ ಬೇರೆ. ಒಂದನ್ನು ಆಧಾರ್, ಬ್ಯಾಂಕ್, ಸೇವಾ ಸಿಂಧು ಕೆಲಸಕ್ಕೆ ಮಾತ್ರ ಇಟ್ಟು, ಅದರಲ್ಲಿ ಒಂದೇ ಒಂದು ಎಕ್ಸ್‌ಟೆನ್ಶನ್ನೂ ಹಾಕಬೇಡಿ. ಕನ್ನಡಕ್ಕೆ ವಿಂಡೋಸ್ ಕೀಲಿಮಣೆ ಇದೆಯಲ್ಲ. ಪಿಡಿಎಫ್, ಟಿಕೆಟ್, ಸಿನಿಮಾ, ಏನಿದ್ದರೂ ಇನ್ನೊಂದರಲ್ಲಿ. ಇಷ್ಟನ್ನೂ ಮಾಡಲಾಗದ ಅವಸರದ ದಿನ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ನೀವಾಗಿ ಬಿಡದ ಹೊರತು ಎಕ್ಸ್‌ಟೆನ್ಶನ್‌ಗಳು ಅದರೊಳಗೆ ಬರುವುದಿಲ್ಲ, ಕಿಟಕಿಗಳನ್ನೆಲ್ಲ ಮುಚ್ಚಿದಾಗ ಹಿಂದಿನವರ ಲಾಗಿನ್ ಕೂಡ ಉಳಿಯುವುದಿಲ್ಲ.

ಉಳಿಸಿಕೊಳ್ಳಲೇಬೇಕಾದ ಎಕ್ಸ್‌ಟೆನ್ಶನ್ ಇದ್ದರೆ ಅದರ ಹರವು ಕಡಿಮೆ ಮಾಡಿ. 2018ರ ಅಕ್ಟೋಬರ್‌ನಲ್ಲಿ ಬಂದ ಕ್ರೋಮ್ 70ರಿಂದ ಈ ಸೌಲಭ್ಯ ಇದೆ, ಹೇಳಿಕೊಟ್ಟವರು ಕಡಿಮೆ. ಮೇಲಿನ ಪಜಲ್ ತುಣುಕಿನ ಚಿತ್ರ ಒತ್ತಿ, ಎಕ್ಸ್‌ಟೆನ್ಶನ್ ಪಕ್ಕದ ಮೂರು ಚುಕ್ಕೆಯಿಂದ ಅದರ ವಿವರಕ್ಕೆ ಹೋಗಿ, ಸೈಟ್ ಆ್ಯಕ್ಸೆಸ್ ನೋಡಿ. ಎಲ್ಲ ಸೈಟುಗಳಲ್ಲಿ, ನೀವು ಹೇಳಿದ ಸೈಟುಗಳಲ್ಲಿ ಮಾತ್ರ, ಅಥವಾ ನೀವು ಒತ್ತಿದಾಗ ಮಾತ್ರ ಅಂತ ಮೂರು ಆಯ್ಕೆ ಇರುತ್ತವೆ. ಪರದೆಯ ಫೋಟೋ ತೆಗೆಯುವಂಥದ್ದಕ್ಕೆ ‘ಒತ್ತಿದಾಗ ಮಾತ್ರ’ ಧಾರಾಳವಾಗಿ ಸಾಕು, ಕರೆದಾಗ ಬಂದು ಕೆಲಸ ಮುಗಿಸಿ ಹೋಗುತ್ತದೆ. ಟೈಪಿಂಗ್ ಎಕ್ಸ್‌ಟೆನ್ಶನ್‌ಗೆ ಈ ಉಪಾಯ ಅಷ್ಟು ಒಗ್ಗುವುದಿಲ್ಲ. ಸೇವಾ ಸಿಂಧುವಿಗೆ ಮಾತ್ರ ಅಂತ ಕಟ್ಟಿಹಾಕಿದರೆ ಬ್ಯಾಂಕ್ ಪುಟ ಉಳಿಯಿತು, ನಿಜ. ಆದರೆ ಊರವರ ಆಧಾರ್ ಇರುವುದೇ ಆ ಸೇವಾ ಸಿಂಧು ಪುಟದಲ್ಲಿ. ಅದಕ್ಕೇ ಕೀಲಿಮಣೆಯ ದಾರಿಯನ್ನು ಅಷ್ಟು ಒತ್ತಿ ಹೇಳಿದ್ದು.

ವಾಟ್ಸಾಪ್ ಗುಂಪಿನಲ್ಲಿ ಜಿಪ್ ಫೈಲ್ ಬಂದು, ‘ಡೆವಲಪರ್ ಮೋಡ್ ಆನ್ ಮಾಡಿ ಹಾಕ್ಕೊಳ್ಳಿ’ ಅಂತ ಯಾರಾದರೂ ಹೇಳಿದರೆ ಹಾಕಬೇಡಿ. ಕ್ರೋಮ್ ಅಂಗಡಿಯಲ್ಲಿ ಆಗುವ ಅರೆಬರೆ ತಪಾಸಣೆಯೂ ಅದಕ್ಕೆ ಆಗಿರುವುದಿಲ್ಲ.

ಅನುಮಾನ ಬಂದ ಎಕ್ಸ್‌ಟೆನ್ಶನ್ ತೆಗೆದುಹಾಕಿದರೆ ಕೆಲಸ ಮುಗಿಯಿತಾ ಅಂದ್ರೆ, ಅರ್ಧ ಮಾತ್ರ. ಅದು ಲಾಗಿನ್ ಗುರುತನ್ನು ಆಗಲೇ ಹೊರಗೆ ಕಳಿಸಿದ್ದರೆ, ಇಲ್ಲಿ ತೆಗೆದ ಮೇಲೂ ಅಲ್ಲಿ ಬಳಕೆಯಾಗಬಹುದು. ಹಾಗಾಗಿ ತೆಗೆದ ತಕ್ಷಣ ಎಲ್ಲ ಖಾತೆಗಳಿಂದ, ಎಲ್ಲ ಸಾಧನಗಳಿಂದ ಲಾಗೌಟ್ ಆಗಿ, ಆಮೇಲೆ ಪಾಸ್‌ವರ್ಡ್ ಬದಲಾಯಿಸಿ. ಅದನ್ನು ಬೇರೆ ಫೋನಿನಿಂದಲೋ, ಎಕ್ಸ್‌ಟೆನ್ಶನ್ ಇಲ್ಲದ ಪ್ರೊಫೈಲ್‌ನಿಂದಲೋ ಮಾಡಿದರೆ ಒಳ್ಳೆಯದು. ಹಣ ಹೋಗಿದ್ದು ಗೊತ್ತಾದರೆ 1930ಕ್ಕೆ ಕರೆ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ. ಹಣ ಇನ್ನೊಂದು ಖಾತೆಯಿಂದ ಮತ್ತೊಂದಕ್ಕೆ ಜಿಗಿಯುವ ಮುಂಚೆ ತಡೆಯಲು ಸಿಗುವುದು ಆ ಮೊದಲ ಕೆಲವು ಗಂಟೆಗಳೇ.